ಅಮೋನಿಯಾ ಪೈಪು, ವಾಲ್ವ್‌ಗಳ ತುಕ್ಕು: ವರ್ಷವರ್ಷವೂ ಬಣ್ಣ ಬಳಿದರೂ ನಿಲ್ಲುತ್ತಿಲ್ಲವೇಕೆ?

ಬ್ಯಾಡಗಿ_ಶೀತಗೃಹ
ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಹತ್ತಿರದ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ನಾನು ಮೇಲ್ವಿಚಾರಕನಾಗಿದ್ದೇನೆ. ನಮ್ಮದು ಅಮೋನಿಯಾದಿಂದ ತಂಪು ಮಾಡುವ ಪ್ಲಾಂಟು. ಕೋಣೆಗಳನ್ನು 4ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇವೆ. ಪ್ರತಿ ವರ್ಷ ಹಂಗಾಮು ಆರಂಭವಾಗುವ ಮುನ್ನ ಕಣ್ಣಿಗೆ ಕಾಣುವ ಪೈಪು, ವಾಲ್ವ್‌ಗಳಿಗೆಲ್ಲ ರೆಡ್ ಆಕ್ಸೈಡ್ ಹೊಡೆಸಿ, ಮೇಲೆ ಎನಾಮಲ್ ಬಣ್ಣ ಬಳಿಸುತ್ತೇವೆ. ಈ ಸಲ ಸಕ್ಷನ್ ಲೈನಿನ (ತಣ್ಣನೆಯ ಅಮೋನಿಯಾ ಆವಿಯನ್ನು ಕಂಪ್ರೆಸರಿಗೆ ಒಯ್ಯುವ ಪೈಪಿನ) ಒಂದು ಕಡೆ ನೀರು ತೊಟ್ಟಿಕ್ಕುತ್ತಿದ್ದುದರಿಂದ ಇನ್ಸುಲೇಷನ್ನಿನ ಅಲ್ಯೂಮಿನಿಯಂ ತಗಡನ್ನು ಬಿಚ್ಚಿಸಿದೆವು. ಒಳಗಿನ ಥರ್ಮಾಕೋಲ್ ನೀರು ಕುಡಿದು ಭಾರವಾಗಿತ್ತು, ಪೈಪಿನ ಮೇಲೆ ತುಕ್ಕು ಪದರುಪದರಾಗಿ ಎದ್ದಿತ್ತು. ಅದೇ ಲೈನಿನ ಎರಡು ಸ್ಟಾಪ್ ವಾಲ್ವ್‌ಗಳ ಸ್ಪಿಂಡಲ್ (ತೆರೆಯಲು, ಮುಚ್ಚಲು ತಿರುಗಿಸುವ ಕಡ್ಡಿ) ಹಿಡಿದುಕೊಂಡು ತಿರುಗುತ್ತಲೇ ಇಲ್ಲ.

ಮಾಲೀಕರು ಒಳ್ಳೆಯ ಕಂಪನಿಯ ಬಣ್ಣ ತರಿಸಿ ಇನ್ನೊಮ್ಮೆ ಬಳಿಸಿ ಎನ್ನುತ್ತಾರೆ. ಕೆಲಸ ಮಾಡುವ ಗುತ್ತಿಗೆದಾರರು ಲೈನನ್ನೇ ಪೂರ್ತಿ ಬದಲಿಸಬೇಕು ಎನ್ನುತ್ತಾರೆ. ಯಾರ ಮಾತು ಸರಿ? ಬಣ್ಣದಿಂದ ಇದು ನಿಲ್ಲುವುದಾದರೆ ಯಾವ ಬಣ್ಣ, ಯಾವ ತಿಂಗಳಲ್ಲಿ?

ತಾರಿಹಾಳ_ಫಿಟ್ಟರ್
ಬಣ್ಣದ ಮಾತು ಆಮೇಲೆ. ಪದರು ಎದ್ದಿರುವ ಜಾಗದಲ್ಲಿ ಯಾರೂ ಸುತ್ತಿಗೆ, ಚಿಪ್ಪಿಂಗ್ ಮಾಡಿಲ್ಲ ತಾನೇ? ಲೈನಿನಲ್ಲಿ ಗ್ಯಾಸ್ ಇರುವಾಗ ಆ ತುಕ್ಕನ್ನು ಕೆರೆಯಬೇಡಿರಿ. ಎಷ್ಟೋ ಸಲ ತೂತನ್ನು ಮುಚ್ಚಿಕೊಂಡಿರುವುದು ಆ ತುಕ್ಕಿನ ಹಕ್ಕಳೆಯೇ ಆಗಿರುತ್ತದೆ. ಮೊದಲು ಆ ಭಾಗವನ್ನು ಪಂಪ್‌ಡೌನ್ ಮಾಡಿ (ಒಳಗಿನ ಗ್ಯಾಸನ್ನು ಎಳೆದು ಖಾಲಿ ಮಾಡಿ), ಬೇರ್ಪಡಿಸಿ, ಆಮೇಲೆ ವೈರ್ ಬ್ರಶ್ ಹಿಡಿಯಿರಿ.

ಬ್ಯಾಡಗಿ_ಶೀತಗೃಹ
ಇಲ್ಲ, ಇನ್ನೂ ಮುಟ್ಟಿಲ್ಲ. ಹಗ್ಗ ಕಟ್ಟಿ ಆ ಜಾಗಕ್ಕೆ ಯಾರೂ ಹೋಗದಂತೆ ಮಾಡಿದ್ದೇವೆ.

ಗದಗಿನ_ಪೇಂಟರ್
ಕಾರ್ಖಾನೆಗಳ ಬಣ್ಣದ ಕೆಲಸ ಮಾಡುವವನಾಗಿ ಹೇಳುತ್ತೇನೆ: ರೆಡ್ ಆಕ್ಸೈಡ್ ಎಂಬುದು ಕಿಟಕಿಯ ಸರಳಿಗೆ, ಗೇಟಿಗೆ ಹೇಳಿ ಮಾಡಿಸಿದ ಪ್ರೈಮರ್. ಸದಾ ಒದ್ದೆಯಾಗಿರುವ ಕಬ್ಬಿಣದ ಮೇಲೆ ಅದು ನಿಲ್ಲುವುದಿಲ್ಲ; ಮೆತ್ತಗಾಗಿ, ಗುಳ್ಳೆ ಎದ್ದು ಬಿಡುತ್ತದೆ. ನಿಮಗೆ ಬೇಕಾದದ್ದು ಎರಡು ಡಬ್ಬಿಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿ. ಶಾಟ್ ಬ್ಲಾಸ್ಟಿಂಗ್ (ಸಣ್ಣ ಕಾಳುಗಳನ್ನು ರಭಸದಿಂದ ಹೊಡೆದು ತುಕ್ಕು ತೆಗೆಯುವುದು) ಮಾಡಲು ಸಾಧ್ಯವಿದ್ದರೆ ಎಸ್‌ಎ 2½ ಮಟ್ಟದ ಸ್ವಚ್ಛತೆ ತೆಗೆದುಕೊಳ್ಳಿ. ಸ್ಥಳದಲ್ಲೇ ಕೈಯಿಂದ ಮಾಡುವುದಾದರೆ ಪವರ್ ಟೂಲಿನಿಂದ ಎಸ್‌ಟಿ 3 ಮಟ್ಟಕ್ಕೆ ತಂದು, ಅಂತಹ ಮೇಲ್ಮೈಗೆಂದೇ ತಯಾರಾದ ಎಪಾಕ್ಸಿ ಮ್ಯಾಸ್ಟಿಕ್ ಅನ್ನು ಎರಡು ಕೋಟು ಹಚ್ಚಿ. ಪ್ರತಿ ಕೋಟೂ ಒಣಗಿದ ಮೇಲೆ ಸುಮಾರು 125 ಮೈಕ್ರಾನ್ ಇರಬೇಕು. ಗ್ರೈಂಡರಿಗೆ ಹಾಕಿದ ವೈರ್ ಚಕ್ರವನ್ನು ಒಂದೇ ಕಡೆ ಬಹಳ ಹೊತ್ತು ಹಿಡಿದರೆ ಕಬ್ಬಿಣ ಕನ್ನಡಿಯಾಗುತ್ತದೆ, ಬಣ್ಣಕ್ಕೆ ಕಚ್ಚಿಕೊಳ್ಳಲು ಹಿಡಿತವೇ ಸಿಗುವುದಿಲ್ಲ. ಇದನ್ನು ಎಷ್ಟು ಹೇಳಿದರೂ ಹುಡುಗರು ಕೇಳುವುದಿಲ್ಲ, ಹೊಳೆದರೆ ಸ್ವಚ್ಛವಾಯಿತು ಎಂದುಕೊಳ್ಳುತ್ತಾರೆ.

ಧಾರವಾಡ_ಮೆಕ್ಯಾನಿಕಲ್
ಪೇಂಟರ್ ಅವರು ಹೇಳಿದ್ದು ಸರಿ, ಆದರೆ ಅದು ಪ್ರಶ್ನೆಯ ಅರ್ಧ ಭಾಗಕ್ಕೆ ಮಾತ್ರ ಉತ್ತರ. ತಗಡು, ಥರ್ಮಾಕೋಲ್ ಎಲ್ಲ ಮುಚ್ಚಿಕೊಂಡಿರುವ ಪೈಪಿಗೆ ನೀರು ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು. ಮಳೆಯಿಂದ ಬಂದಿರಬಹುದು, ಆದರೆ ಹೆಚ್ಚಿನ ಪಾಲು ಗಾಳಿಯಿಂದಲೇ ಬಂದಿರುತ್ತದೆ. 30 ಡಿಗ್ರಿ ಉಷ್ಣತೆ, ಶೇಕಡಾ 70 ಆರ್ದ್ರತೆ ಇರುವ ಗಾಳಿಯಲ್ಲಿ ನೀರಾವಿಯ ಒತ್ತಡ ಸುಮಾರು 3 ಕಿಲೊಪಾಸ್ಕಲ್ ಇರುತ್ತದೆ. 0 ಡಿಗ್ರಿಯಲ್ಲಿರುವ ಪೈಪಿನ ಮೈಮೇಲೆ ಅದು 0.6 ಕಿಲೊಪಾಸ್ಕಲ್ ಮಾತ್ರ. ಈ ಐದು ಪಟ್ಟು ವ್ಯತ್ಯಾಸವು ಹೊರಗಿನ ಆವಿಯನ್ನು ಹಗಲೂ ರಾತ್ರಿ ಒಳಕ್ಕೆ ತಳ್ಳುತ್ತಲೇ ಇರುತ್ತದೆ. ತಗಡಿನ ಜೋಡಣೆಯಲ್ಲಿ, ವಾಲ್ವಿನ ಕತ್ತಿನಲ್ಲಿ, ಸಪೋರ್ಟಿನ ಬಳಿ ಕೂದಲೆಳೆಯಷ್ಟು ಸಂದು ಇದ್ದರೂ ಸಾಕು, ಆವಿ ಒಳಹೊಕ್ಕು ಪೈಪಿನ ಮೇಲೆ ನೀರಾಗಿ ಕೂರುತ್ತದೆ, ಮತ್ತು ಹೊರಕ್ಕೆ ಹೋಗಲು ಅದಕ್ಕೆ ದಾರಿ ಇರುವುದಿಲ್ಲ.

ಎರಡನೆಯ ಸಂಗತಿ ನಿಮ್ಮ ಉಷ್ಣತೆ. ಇನ್ಸುಲೇಷನ್ನಿನ ಅಡಿಯ ತುಕ್ಕಿನ ಬಗೆಗಿನ ತುಕ್ಕು ತಡೆ ತಜ್ಞರ ನೇಸ್ ಸಂಸ್ಥೆಯ (ಈಗ ಎಎಂಪಿಪಿ) ಎಸ್‌ಪಿ 0198 ದಾಖಲೆಯು ಕಾರ್ಬನ್ ಸ್ಟೀಲಿಗೆ ಅಪಾಯದ ವ್ಯಾಪ್ತಿಯನ್ನು ಮೈನಸ್ 4ರಿಂದ 175 ಡಿಗ್ರಿ ಸೆಲ್ಸಿಯಸ್ ಎಂದು ಗುರುತಿಸುತ್ತದೆ. ಮೆಣಸಿನಕಾಯಿ ಕೋಣೆಗಳಿಗೆ ಅಮೋನಿಯಾ ಹೆಚ್ಚುಕಡಿಮೆ ಮೈನಸ್ 5ರ ಆಸುಪಾಸಿನಲ್ಲಿ ಕುದಿಯುತ್ತಿರುತ್ತದೆ. ಎಂದರೆ ನಿಮ್ಮ ಸಕ್ಷನ್ ಲೈನು ಸರಿಯಾಗಿ ಆ ಗಡಿಯ ಮೇಲೆಯೇ ಕುಳಿತಿದೆ. ಕಂಪ್ರೆಸರ್ ನಡೆದಾಗ ಮಂಜು ಕಟ್ಟುತ್ತದೆ, ನಿಂತಾಗ ಕರಗುತ್ತದೆ.

ಐಸ್_ಫ್ಯಾಕ್ಟರಿ_ಹುಬ್ಬಳ್ಳಿ
ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಪ್ಲಾಂಟಿನಲ್ಲಿ ಇನ್ಸುಲೇಷನ್ ಇಲ್ಲದ ಒಂದು ತುಂಡು ಲೈನು ವರ್ಷಗಟ್ಟಲೆ ದಪ್ಪ ಮಂಜುಗಡ್ಡೆ ಹೊತ್ತು ನಿಂತಿತ್ತು. ಬದಲಿಸುವಾಗ ನೋಡಿದರೆ ಅಡಿಯ ಕಬ್ಬಿಣ ಹೊಸದರಂತೆ ಇತ್ತು. ನೀರಿದ್ದರೆ ತುಕ್ಕು ಎನ್ನುವುದಾದರೆ ಅದು ಎಂದೋ ಕರಗಿಹೋಗಬೇಕಿತ್ತು.

ಧಾರವಾಡ_ಮೆಕ್ಯಾನಿಕಲ್
ನೀವು ಹೇಳಿದ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ, ಸರ್. ಸದಾ ಹೆಪ್ಪುಗಟ್ಟಿರುವ ಪೈಪಿಗೆ ತುಕ್ಕು ಹಿಡಿಯುವುದು ಬಹಳ ನಿಧಾನ, ಏಕೆಂದರೆ ಅಲ್ಲಿ ದ್ರವರೂಪದ ನೀರಿಲ್ಲ, ಹೊಸ ಆಮ್ಲಜನಕವೂ ತಲುಪುವುದಿಲ್ಲ. ಅದೇ ಲೈನಿನಲ್ಲಿ ಮಂಜು ಮುಗಿದು ಬರಿ ಪೈಪು ಆರಂಭವಾಗುವ ಅಂಚನ್ನು ನೋಡಿದ್ದೀರಾ?

ಐಸ್_ಫ್ಯಾಕ್ಟರಿ_ಹುಬ್ಬಳ್ಳಿ
ಅಂಚಿನಲ್ಲಿ ಕುಳಿ ಬಿದ್ದದ್ದು ನಿಜ. ಆ ಮಟ್ಟಿಗೆ ಒಪ್ಪಿದೆ.

ನಿವೃತ್ತ_ಆಪರೇಟರ್
ಬ್ಯಾಡಗಿಯವರು ಒಂದು ಸಂಗತಿಯನ್ನು ಬರೆದಿಲ್ಲ. ಕರೆಂಟ್ ಬಿಲ್ ಉಳಿಸಲು ಕಂಪ್ರೆಸರನ್ನು ಕೆಲವು ತಾಸು ಮಾತ್ರ ನಡೆಸಿ ಉಳಿದ ಹೊತ್ತು ನಿಲ್ಲಿಸುವ ರೂಢಿ ನಮ್ಮ ಭಾಗದ ಬಹಳಷ್ಟು ಕೋಲ್ಡ್ ಸ್ಟೋರೇಜುಗಳಲ್ಲಿ ಇದೆ. ಮೆಣಸಿನಕಾಯಿಗೆ ಅದರಿಂದ ತೊಂದರೆಯಿಲ್ಲ. ಕೋಣೆ ತಣ್ಣಗೆ ಇದ್ದೇ ಇರುತ್ತದೆ. ಆದರೆ ಪೈಪಿಗೆ ಮಾತ್ರ ದಿನಕ್ಕೊಮ್ಮೆ ಮಂಜು, ದಿನಕ್ಕೊಮ್ಮೆ ನೀರು. ನಿಲ್ಲಿಸಬೇಡಿ ಎಂದು ನಾನು ಹೇಳುತ್ತಿಲ್ಲ, ಬಿಲ್ ಕಟ್ಟುವವರ ಕಷ್ಟ ಗೊತ್ತಿದೆ. ಹಾಗೆ ನಡೆಸುವ ಪ್ಲಾಂಟಿನ ಪೈಪಿಗೆ ಹೆಚ್ಚಿನ ರಕ್ಷಣೆ ಬೇಕು ಎಂಬುದಷ್ಟೇ ನನ್ನ ಮಾತು.

ಈಗ ವಾಲ್ವ್ ವಿಷಯ. ಸ್ಪಿಂಡಲ್ ಹಿಡಿದುಕೊಂಡಿದೆ ಎಂದು ಪಾನಾಕ್ಕೆ ಪೈಪು ತೊಡಿಸಿ ತಿರುಗಿಸಲು ಹೋಗಬೇಡಿರಿ. ಸ್ಪಿಂಡಲ್ ಮುರಿದರೆ ಅಥವಾ ಗ್ಲ್ಯಾಂಡ್ (ಸ್ಪಿಂಡಲ್ ಸುತ್ತ ಸೋರದಂತೆ ಬಿಗಿಯುವ ಭಾಗ) ಎದ್ದರೆ ಮುಖಕ್ಕೇ ಗ್ಯಾಸ್ ಬರುತ್ತದೆ. ಇದರ ಮೂಲ ಎಲ್ಲಿದೆ ಎಂದರೆ ಸ್ಪಿಂಡಲ್ ಮೇಲಿನ ಕ್ಯಾಪ್‌ನಲ್ಲಿ. ವಾಲ್ವ್ ಬರುವಾಗ ವಾಶರ್ ಸಮೇತ ಕ್ಯಾಪ್ ಬಂದಿರುತ್ತದೆ, ಯಾರೋ ಒಮ್ಮೆ ಬಿಚ್ಚಿ ಕಿಟಕಿಯ ಮೇಲೆ ಇಡುತ್ತಾರೆ, ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಬಯಲಿಗೆ ಬಿದ್ದ ಸ್ಪಿಂಡಲ್ ಮೇಲೆ ಬೆವರು ಇಳಿದು ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಸ್ಪಿಂಡಲನ್ನು ತಿರುಗಿಸಿದಾಗ ಅದು ಮರಳು ಕಾಗದದಂತೆ ಗ್ಲ್ಯಾಂಡ್ ಪ್ಯಾಕಿಂಗನ್ನು ಉಜ್ಜಿ ತೆಗೆಯುತ್ತದೆ. ಆಮೇಲೆ ವಾಲ್ವ್ ಸೋರುತ್ತಿದೆ ಎಂದು ಗ್ಲ್ಯಾಂಡ್ ನಟ್ಟನ್ನು ಬಿಗಿ ಮಾಡುತ್ತಾರೆ, ಬಿಗಿ ಮಾಡಿದಷ್ಟೂ ಸ್ಪಿಂಡಲ್ ಹಿಡಿದುಕೊಳ್ಳುತ್ತದೆ. ಸ್ಪಿಂಡಲಿಗೆ ತಣ್ಣನೆಯಲ್ಲೂ ಗಟ್ಟಿಯಾಗದ ಗ್ರೀಸ್ ಸವರಿ, ಕ್ಯಾಪ್ ಹಾಕಿ, ನಿಲ್ಲಿಸಬಹುದಾದ ವಾಲ್ವ್‌ಗಳನ್ನು ಆಗಾಗ್ಗೆ ಅರ್ಧ ಸುತ್ತು ಆಡಿಸಿ ಮತ್ತೆ ಇದ್ದಲ್ಲಿಗೆ ತರುವುದು ಆಪರೇಟರನ ಕೆಲಸ. ಅದನ್ನು ಲಾಗ್ ಪುಸ್ತಕದಲ್ಲಿ ಬರೆಯಿಸಿರಿ, ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ.

ಸುಮ್ಮನೆ_ಓದುಗ
ಕಾಕಾ, ಇಷ್ಟೆಲ್ಲ ಕಷ್ಟವೇಕೆ? ಹಿತ್ತಾಳೆಯ ವಾಲ್ವ್ ಹಾಕಿದರೆ ತುಕ್ಕಿನ ಮಾತೇ ಬರುವುದಿಲ್ಲವಲ್ಲ?

ನಿವೃತ್ತ_ಆಪರೇಟರ್
ತಮ್ಮಾ, ಅಮೋನಿಯಾ ಇರುವ ಕಡೆ ತಾಮ್ರ, ಹಿತ್ತಾಳೆ ಎರಡೂ ನಿಷಿದ್ಧ. ತೇವದ ಜೊತೆ ಸೇರಿದ ಅಮೋನಿಯಾ ಅವುಗಳನ್ನು ತಿಂದು, ಹಿತ್ತಾಳೆಯಲ್ಲಿ ಬಿರುಕು ಬಿಡಿಸುತ್ತದೆ. ಫ್ರಿಯಾನ್ ಪ್ಲಾಂಟಿನ ಗೇಜು, ವಾಲ್ವುಗಳನ್ನು ತಂದು ಇಲ್ಲಿ ಕೂರಿಸುವಂತಿಲ್ಲ.

ಸುಮ್ಮನೆ_ಓದುಗ
ಹಾಗಾದರೆ ಜಿಐ (ಸತು ಲೇಪಿಸಿದ) ಪೈಪು?

ತಾರಿಹಾಳ_ಫಿಟ್ಟರ್
ಅದೂ ಬೇಡ. ತೇವವಿರುವ ಅಮೋನಿಯಾ ಸತುವನ್ನೂ ಬಿಡುವುದಿಲ್ಲ, ಜೊತೆಗೆ ಸತುವಿನ ಮೇಲೆ ವೆಲ್ಡಿಂಗ್ ಮಾಡಿದರೆ ಹೊಗೆಯೂ ಕೆಟ್ಟದ್ದು, ಜೋಡಣೆಯೂ ಕೆಟ್ಟದ್ದು. ಕಂಡೆನ್ಸರ್ ಕಾಯಿಲಿಗೆ (ಬಿಸಿ ಅಮೋನಿಯಾವನ್ನು ನೀರಿನಿಂದ ತಣಿಸುವ ಸುರುಳಿ ಪೈಪಿಗೆ) ಹೊರಮೈಯಲ್ಲಿ ಸತು ಲೇಪಿಸುವುದು ಬೇರೆ ಮಾತು. ಅಲ್ಲಿ ಒಳಗಡೆ ಬರಿ ಸ್ಟೀಲೇ ಇರುತ್ತದೆ.

ಪಫ್_ಕೆಲಸದವ
ಇನ್ಸುಲೇಷನ್ ಹಾಕುವ ನಮ್ಮ ಮೇಲೆಯೇ ಕೊನೆಗೆ ತಪ್ಪು ಬರುತ್ತದೆ ಎಂದು ಗೊತ್ತಿದ್ದು ಓದುತ್ತಿದ್ದೇನೆ. ನಮ್ಮ ಕಡೆಯ ಮಾತೂ ಕೇಳಿ. ಎಷ್ಟೋ ಜಾಗಗಳಲ್ಲಿ ನಾವು ಹೋಗುವ ಹೊತ್ತಿಗೆ ಪೈಪಿನ ಉದ್ದಕ್ಕೂ ಬಣ್ಣ ಇರುತ್ತದೆ, ವೆಲ್ಡಿಂಗ್ ಜೋಡಣೆಗಳಲ್ಲಿ ಮಾತ್ರ ಇರುವುದಿಲ್ಲ. ಒತ್ತಡ ಪರೀಕ್ಷೆಯಲ್ಲಿ ಸೋರಿಕೆ ಕಾಣಬೇಕು ಎಂದು ಜೋಡಣೆಗಳನ್ನು ಬರಿದಾಗಿ ಬಿಟ್ಟಿರುತ್ತಾರೆ. ಅದು ಸರಿಯಾದ ಪದ್ಧತಿಯೇ, ಆದರೆ ಪರೀಕ್ಷೆ ಮುಗಿದ ಮೇಲೆ ಅಲ್ಲಿ ಬಣ್ಣ ಹಚ್ಚುವವರು ಯಾರು ಎಂದು ಯಾರ ಕರಾರಿನಲ್ಲೂ ಬರೆದಿರುವುದಿಲ್ಲ. ಹಂಗಾಮು ಹತ್ತಿರ ಬಂದಿರುತ್ತದೆ, ಬೇಗ ಮುಚ್ಚಿ ಎನ್ನುತ್ತಾರೆ, ಮುಚ್ಚುತ್ತೇವೆ. ಬ್ಯಾಡಗಿಯವರೇ, ನಿಮ್ಮ ಪೈಪಿನಲ್ಲಿ ಹೆಚ್ಚು ತುಕ್ಕು ಇರುವುದು ಜೋಡಣೆಯ ಆಚೀಚೆಯೇ? ಒಮ್ಮೆ ನೋಡಿ ಹೇಳಿ.

ಬ್ಯಾಡಗಿ_ಶೀತಗೃಹ
ನೋಡಿದೆ. ಹೌದು, ಒಂದು ಜೋಡಣೆಯ ಎರಡೂ ಬದಿಯಲ್ಲಿ ಹೆಚ್ಚಾಗಿದೆ. ಇನ್ನೊಂದು ಕಡೆ, ಪೈಪನ್ನು ಯು-ಬೋಲ್ಟಿನಿಂದ ನೇರವಾಗಿ ಕಬ್ಬಿಣದ ಆ್ಯಂಗಲ್ಲಿಗೆ ಕಟ್ಟಿರುವ ಜಾಗದಲ್ಲೂ ಕೆಟ್ಟದಾಗಿದೆ. ಅಲ್ಲಿ ಥರ್ಮಾಕೋಲನ್ನು ಕತ್ತರಿಸಿ ಆಚೀಚೆ ನಿಲ್ಲಿಸಿದ್ದಾರೆ, ನಡುವೆ ಡಾಂಬರು ಬಳಿದಿದ್ದಾರೆ.

ಪಫ್_ಕೆಲಸದವ
ಅದೇ ದೊಡ್ಡ ಬಾಗಿಲು. ಸಪೋರ್ಟು ಯಾವಾಗಲೂ ಇನ್ಸುಲೇಷನ್ನಿನ ಹೊರಗೆ ಇರಬೇಕು. ಪೈಪಿನ ಸುತ್ತ ಗಟ್ಟಿ ಪಾಲಿಯುರೆಥೇನ್ ಫೋಮ್, ಅಂದರೆ ಪಫ್‌ನ ಅಥವಾ ಡಾಂಬರು ಕುಡಿಸಿದ ಮರದ ಕಟ್ಟಿಗೆಯ ಬ್ಲಾಕ್ ಇಟ್ಟು, ಅದರ ಮೇಲೆ ತಗಡಿನ ತೊಟ್ಟಿಲು, ಅದರ ಮೇಲೆ ಕ್ಲ್ಯಾಂಪು. ಕಬ್ಬಿಣವು ಕಬ್ಬಿಣವನ್ನು ಮುಟ್ಟಿದ ಕಡೆ ಸಪೋರ್ಟೂ ತಣ್ಣಗಾಗಿ ಬೆವರುತ್ತದೆ, ಆ ಬೆವರು ಒಳಗೆ ಇಳಿಯುತ್ತದೆ.

ತಗಡನ್ನು ಕೂರಿಸಲು ಸ್ಕ್ರೂ ಹೊಡೆಯುವುದು ಇನ್ನೊಂದು ತಪ್ಪು. ಒಳಗೆ ಆವಿ ತಡೆಯಲು ಫಾಯಿಲನ್ನೋ ಮ್ಯಾಸ್ಟಿಕ್ ಪದರನ್ನೋ ಕೊಟ್ಟಿರುತ್ತೇವೆ; ಉದ್ದದ ಸ್ಕ್ರೂ ಅದನ್ನು ಸಾಲಾಗಿ ತೂತು ಮಾಡುತ್ತ ಹೋಗುತ್ತದೆ. ತಣ್ಣನೆಯ ಲೈನಿಗೆ ಪಟ್ಟಿ ಬಿಗಿದು ತಗಡು ಕೂರಿಸಬೇಕು, ಜೋಡಣೆಯನ್ನು ನೀರು ಜಾರುವ ದಿಕ್ಕಿಗೆ ಕೆಳಮುಖ ಮಾಡಿ ಸೀಲಂಟ್ ತುಂಬಬೇಕು. ಕೆಲವು ಕಡೆ ನೀರು ಇಳಿದು ಹೋಗಲಿ ಎಂದು ತಗಡಿನ ಅಡಿಗೆ ತೂತು ಕೊರೆಯುತ್ತಾರೆ. ಬಿಸಿ ಲೈನಿಗೆ ಅದು ನಡೆಯುತ್ತದೆ. ತಣ್ಣನೆಯ ಲೈನಿನಲ್ಲಿ ಆ ತೂತಿನಿಂದ ಹೊರಹೋಗುವ ನೀರಿಗಿಂತ ಒಳಬರುವ ಆವಿಯೇ ಹೆಚ್ಚು.

ಡೇರಿ_ಇಂಜಿನಿಯರ್
ಇನ್ಸುಲೇಷನ್ನಿನ ವಸ್ತುವಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಫಿನಾಲಿಕ್ ಫೋಮ್ ಒಣಗಿದ್ದಾಗ ಒಳ್ಳೆಯ ವಸ್ತು, ಆದರೆ ನೆನೆದರೆ ಅದರಿಂದ ಆಮ್ಲ ಬಸಿದು ಪೈಪನ್ನು ಇನ್ನಷ್ಟು ಬೇಗ ತಿನ್ನುತ್ತದೆ. ಬೆಂಕಿ ತಡೆಯುವ ರಾಸಾಯನಿಕ ಸೇರಿಸಿದ ಕೆಲವು ಪಫ್‌ಗಳಿಂದ ಕ್ಲೋರೈಡ್ ಬಸಿಯುವುದೂ ಉಂಟು. ನಾನು ಹೊಸ ಕೆಲಸದಲ್ಲಿ ಮುಚ್ಚಿದ ಕೋಶಗಳ ಪಫ್ ಅಥವಾ ನೈಟ್ರೈಲ್ ರಬ್ಬರ್ ಕೇಳುತ್ತೇನೆ; ಥರ್ಮಾಕೋಲ್ ಅಗ್ಗ ಎಂಬುದನ್ನು ಬಿಟ್ಟರೆ ಅದರ ಪರವಾಗಿ ಹೇಳಲು ಹೆಚ್ಚೇನಿಲ್ಲ, ಅದರ ಮಣಿಗಳ ನಡುವಿನ ಸಂದುಗಳಲ್ಲಿ ನೀರು ಕೂರುತ್ತದೆ. ಆದರೂ ಪೇಂಟರ್ ಅವರ ಪರವಾಗಿ ಒಂದು ಮಾತು: ಯಾವ ಇನ್ಸುಲೇಷನ್ನೂ ಶಾಶ್ವತವಾಗಿ ಆವಿ ತಡೆಯುವುದಿಲ್ಲ. ಒಂದು ದಿನ ನೀರು ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿ, ಪೈಪಿಗೆ ನೀರಿನಲ್ಲಿ ಮುಳುಗಿದರೂ ತಡೆಯುವಂತಹ ಬಣ್ಣ ಹಚ್ಚಿದ ಮೇಲೆಯೇ ಇನ್ಸುಲೇಷನ್ ಹಾಕಬೇಕು. ಹೊರಗಿನ ತಗಡಿನ ಮೇಲೆ, ಕಾಣುವ ವಾಲ್ವಿನ ಮೇಲೆ ವರ್ಷವರ್ಷವೂ ಬಳಿಯುವ ಎನಾಮಲ್ ಅತಿಥಿಗಳಿಗೆ ತೋರಿಸಲು ಮಾತ್ರ.

ಗದಗಿನ_ಪೇಂಟರ್
ಧನ್ಯವಾದ, ಮೇಡಂ. ಸತು ತುಂಬಿದ ಜಿಂಕ್ ಪ್ರೈಮರ್ ಎಲ್ಲದಕ್ಕಿಂತ ಉತ್ತಮ ಎಂದು ಅಂಗಡಿಯವರು ಹೇಳುತ್ತಾರೆ. ಒದ್ದೆ ಇನ್ಸುಲೇಷನ್ನಿನ ಅಡಿಯಲ್ಲಿ ಅದೊಂದನ್ನೇ ಹಚ್ಚುವುದನ್ನು ನಾನು ಮಾಡುವುದಿಲ್ಲ, ಸತು ಬೇಗ ಸವೆದುಹೋಗುತ್ತದೆ. ಎಪಾಕ್ಸಿಯೇ ಸಾಕು. ಬಿಸಿಲು ಬೀಳುವ ಕಡೆ, ಇನ್ಸುಲೇಷನ್ ಇಲ್ಲದ ಲೈನಿನ ಮೇಲೆ ಮಾತ್ರ ಎಪಾಕ್ಸಿ ಸುಣ್ಣದಂತೆ ಪುಡಿಯಾಗುವುದರಿಂದ ಮೇಲೆ ಒಂದು ಕೋಟು ಪಾಲಿಯುರೆಥೇನ್ ಬೇಕು.

ರಾಣೆಬೆನ್ನೂರು_ಮಾಲೀಕ
ನಾನೂ ಒಬ್ಬ ಕೋಲ್ಡ್ ಸ್ಟೋರೇಜ್ ಮಾಲೀಕ. ನೀವೆಲ್ಲ ಹೇಳುವುದನ್ನು ಕೇಳಿದರೆ ಪ್ಲಾಂಟನ್ನು ನಿಲ್ಲಿಸಿ, ಪೂರ್ತಿ ಬಿಚ್ಚಿ, ಬ್ಲಾಸ್ಟಿಂಗ್ ಮಾಡಿಸಿ, ಹೊಸ ಇನ್ಸುಲೇಷನ್ ಹಾಕಿಸಬೇಕು. ಅಷ್ಟು ಹಣದಲ್ಲಿ ಪೈಪನ್ನೇ ಸ್ಟೇನ್‌ಲೆಸ್ ಹಾಕಿಸಬಹುದಲ್ಲವೇ? ವರ್ಷವೂ ಬಣ್ಣದವರ ಕೈಗೆ ಹಣ ಸುರಿಯುವುದಕ್ಕೆ ಕೊನೆ ಎಂಬುದು ಬೇಡವೇ?

ಡೇರಿ_ಇಂಜಿನಿಯರ್
ಸಣ್ಣ ವ್ಯಾಸದ ಲೈನುಗಳಿಗೆ, ಗೇಜಿನ ಕೊಳವೆಗಳಿಗೆ, ವಾಲ್ವಿನ ಬೋಲ್ಟುಗಳಿಗೆ ಸ್ಟೇನ್‌ಲೆಸ್ ಹಾಕಿಸುವುದು ಬುದ್ಧಿವಂತಿಕೆಯೇ. 304 ದರ್ಜೆಗೆ ಅಮೋನಿಯಾದಿಂದ ತೊಂದರೆಯಿಲ್ಲ. ಸಣ್ಣ ಪೈಪಿನ ದಪ್ಪ ಮೊದಲೇ ಕಡಿಮೆ, 25 ಎನ್‌ಬಿ (ಹೆಸರಿಗೆ 25 ಮಿಲಿಮೀಟರ್ ಒಳವ್ಯಾಸದ) ಶೆಡ್ಯೂಲ್ 40 (ಗೋಡೆಯ ದಪ್ಪದ ದರ್ಜೆ) ಪೈಪಿನ ದಪ್ಪ 3.38 ಮಿಲಿಮೀಟರ್ ಮಾತ್ರ, ಮತ್ತು ಮೊದಲು ತೂತಾಗುವುದೂ ಇಂತಹವೇ. ದೊಡ್ಡ ಹೆಡ್ಡರುಗಳಿಗೆ (ಮುಖ್ಯ ಪೈಪುಗಳಿಗೆ) ಖರ್ಚು ಹೊಂದುವುದಿಲ್ಲ. ಸ್ಟೇನ್‌ಲೆಸ್ ಮತ್ತು ಸಾದಾ ಸ್ಟೀಲ್ ಕೂಡುವ ಜೋಡಣೆ ಒದ್ದೆಯಾಗಿದ್ದರೆ ಸಾದಾ ಸ್ಟೀಲಿನ ಬದಿ ಬೇಗ ಸವೆಯುತ್ತದೆ ಎಂಬುದನ್ನೂ ಮರೆಯಬಾರದು. ಅಲ್ಲಿ ಎರಡೂ ಬದಿಗೆ ಬಣ್ಣ ಬೇಕು.

ಬ್ಯಾಡಗಿ_ಶೀತಗೃಹ
ಆ ಭಾಗವನ್ನು ಪಂಪ್‌ಡೌನ್ ಮಾಡಿ ಬೇರ್ಪಡಿಸಿ, ಅಲ್ಟ್ರಾಸಾನಿಕ್ ಗೇಜಿನವರನ್ನು ಹುಬ್ಬಳ್ಳಿಯಿಂದ ಕರೆಸಿ ಅಳೆಸಿದೆವು. ಪೈಪು 80 ಎನ್‌ಬಿ, ಶೆಡ್ಯೂಲ್ 40. ಮೂಲ ದಪ್ಪ 5.49 ಮಿಲಿಮೀಟರ್. ಅತಿ ಕಡಿಮೆ ಬಂದದ್ದು 3.1. ಇದನ್ನು ಉಳಿಸಿಕೊಳ್ಳಬಹುದೇ?

ಹಾವೇರಿ_ಡಿಪ್ಲೊಮಾ
ಲೆಕ್ಕ ಮಾಡಿ ನೋಡೋಣ. ಹೊರ ವ್ಯಾಸ 88.9 ಮಿಲಿಮೀಟರ್, ಒಳಗಿನ ಒತ್ತಡ ಹೆಚ್ಚೆಂದರೆ 20 ಬಾರ್, ಅಂದರೆ 2 ಮೆಗಾಪಾಸ್ಕಲ್ ಎಂದು ಇಟ್ಟುಕೊಳ್ಳಿ, ಸ್ಟೀಲಿಗೆ ಅನುಮತಿಸುವ ಒತ್ತಡ (ಸ್ಟ್ರೆಸ್) 118 ಮೆಗಾಪಾಸ್ಕಲ್. ಒಳಗಿನ ಒತ್ತಡವನ್ನು ವ್ಯಾಸದಿಂದ ಗುಣಿಸಿ, 118ರ ಎರಡು ಪಟ್ಟಿನಿಂದ ಭಾಗಿಸಿದರೆ ಬೇಕಾದ ದಪ್ಪ ಸುಮಾರು 0.75 ಮಿಲಿಮೀಟರ್. ನಿಮ್ಮಲ್ಲಿ 3.1 ಇದೆ, ನಾಲ್ಕು ಪಟ್ಟು. ಗುತ್ತಿಗೆದಾರರು ಸುಮ್ಮನೆ ಹೆದರಿಸುತ್ತಿದ್ದಾರೆ. ಬಣ್ಣ ಹಚ್ಚಿ ನೆಮ್ಮದಿಯಾಗಿರಿ.

ಧಾರವಾಡ_ಮೆಕ್ಯಾನಿಕಲ್
ಗುಣಾಕಾರ, ಭಾಗಾಕಾರ ಸರಿಯಾಗಿದೆ. ಅದರಿಂದ ತೆಗೆದ ತೀರ್ಮಾನ ಅಪಾಯಕಾರಿ. ಈ ಸೂತ್ರ ಹೇಳುವುದು ಒಳಗಿನ ಒತ್ತಡಕ್ಕೆ ಬೇಕಾದ ದಪ್ಪವನ್ನು ಮಾತ್ರ, ಅದೂ ಪೈಪು ಸುತ್ತಲೂ ಸಮನಾಗಿ ತೆಳುವಾಗಿದ್ದರೆ. ತುಕ್ಕು ಸಮನಾಗಿ ತಿನ್ನುವುದಿಲ್ಲ, ಕುಳಿ ಕೊರೆಯುತ್ತದೆ. ಗೇಜಿನ ಪ್ರೋಬ್ ಕೂರಲು ನಯವಾದ ಜಾಗ ಬೇಕು. ಕುಳಿಯ ತಳದಲ್ಲಿ ಅದು ಕೂರುವುದೇ ಇಲ್ಲ. ಹಾಗಾಗಿ 3.1 ಎಂದು ಬಂದದ್ದು ಕುಳಿಗಳ ನಡುವಿನ ದಿಬ್ಬದ ದಪ್ಪವಾಗಿರಬಹುದು. ಜೊತೆಗೆ ಪೈಪಿನ ಸ್ವಂತ ಭಾರ, ವಾಲ್ವಿನ ಭಾರ, ಕಂಪ್ರೆಸರಿನ ನಡುಕ, ಅದರ ಮೇಲೆ ಕಾಲಿಟ್ಟು ಹತ್ತುವ ಮನುಷ್ಯ, ಇವೆಲ್ಲ ನಿಮ್ಮ 0.75ರಲ್ಲಿ ಎಲ್ಲಿವೆ?

ಹಾವೇರಿ_ಡಿಪ್ಲೊಮಾ
ಹಾಗಾದರೆ ಅಳತೆ ಮಾಡಿಸಿ ಪ್ರಯೋಜನವೇನು?

ಧಾರವಾಡ_ಮೆಕ್ಯಾನಿಕಲ್
ಎಲ್ಲಿ ಬದಲಿಸಬೇಕು, ಎಲ್ಲಿ ಉಳಿಸಬಹುದು ಎಂದು ಗೆರೆ ಎಳೆಯಲು ಪ್ರಯೋಜನವಿದೆ. ಕುಳಿಯ ಆಳವನ್ನು ಡೆಪ್ತ್ ಗೇಜಿನಿಂದ ಬೇರೆಯಾಗಿ ಅಳೆದು, ನಯವಾದ ಜಾಗದ ದಪ್ಪದಿಂದ ಕಳೆದರೆ ನಿಜವಾದ ಉಳಿಕೆ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಯು-ಬೋಲ್ಟ್ ಜಾಗದಿಂದ ಜೋಡಣೆ ದಾಟುವವರೆಗಿನ ತುಂಡನ್ನು, ಆ ಎರಡು ವಾಲ್ವ್ ಸಮೇತ, ಬದಲಿಸಬೇಕು. ಉಳಿದ ಲೈನನ್ನು ನಾಲ್ಕಾರು ಕಡೆ ಬಿಚ್ಚಿ ನೋಡಿ ತೀರ್ಮಾನಿಸಿ. ಪೂರ್ತಿ ಲೈನು ಬದಲಿಸಿ ಎಂಬ ಗುತ್ತಿಗೆದಾರರ ಮಾತೂ, ಬಣ್ಣ ಮಾತ್ರ ಸಾಕು ಎಂಬ ಮಾಲೀಕರ ಮಾತೂ ನೋಡದೆ ಆಡಿದ ಮಾತುಗಳೇ.

ತಾರಿಹಾಳ_ಫಿಟ್ಟರ್
ಬಿಚ್ಚಿ ನೋಡುವ ಜಾಗಗಳನ್ನು ಕಣ್ಣು ಮುಚ್ಚಿ ಆರಿಸಬೇಡಿರಿ. ವಾಲ್ವಿನ ಕತ್ತು, ಗೋಡೆಯಲ್ಲಿ ಪೈಪು ತೂರುವ ಜಾಗ, ಸಪೋರ್ಟುಗಳು, ನಿಂತ ಪೈಪಿನ ತಳದ ಬಾಗು, ತಗಡಿಗೆ ಹಸಿರು ಪಾಚಿ ಹಿಡಿದ ಅಥವಾ ಕಂದು ಕಲೆ ಇಳಿದ ಕಡೆ, ಇಷ್ಟರಲ್ಲಿ ಕಳ್ಳ ಸಿಕ್ಕೇ ಸಿಗುತ್ತಾನೆ. ಥರ್ಮಲ್ ಕ್ಯಾಮೆರಾ ಬಾಡಿಗೆಗೆ ಸಿಕ್ಕರೆ ಪ್ಲಾಂಟು ನಡೆಯುತ್ತಿರುವಾಗಲೇ ನೋಡಿ, ನೆನೆದ ಜಾಗ ಉಳಿದ ಕಡೆಗಿಂತ ತಣ್ಣಗೆ ಕಾಣುತ್ತದೆ.

ಐಸ್_ಫ್ಯಾಕ್ಟರಿ_ಹುಬ್ಬಳ್ಳಿ
ಇಷ್ಟೆಲ್ಲ ಹೊರಗಿನ ಮಾತಾಯಿತು. ಸಕ್ಷನ್ ಲೈನು ಗಾಳಿ ಎಳೆದುಕೊಂಡು ಒಳಗಿನಿಂದ ತುಕ್ಕು ಹಿಡಿಯುವುದಿಲ್ಲವೇ? ನಮ್ಮಲ್ಲಿ ಬ್ರೈನ್ (ತಂಪು ಮಾಡಿದ ಉಪ್ಪುನೀರು) ಟ್ಯಾಂಕಿಗೆ ಮೊದಲು ಸೋಡಿಯಂ ಡೈಕ್ರೋಮೇಟ್ ಹಾಕುತ್ತಿದ್ದರು, ಕ್ಯಾಲ್ಶಿಯಂ ಕ್ಲೋರೈಡ್ ಬ್ರೈನಿಗೆ ಘನ ಮೀಟರಿಗೆ 2 ಕಿಲೊದಂತೆ. ಕಾಯಿಲ್‌ಗೆ ಜಂಗೇ ಹಿಡಿಯುತ್ತಿರಲಿಲ್ಲ. ಪೈಪಿನ ಒಳಗೂ ಅಂತಹದೇನಾದರೂ ಹಾಕಬಹುದಲ್ಲ?

ಡೇರಿ_ಇಂಜಿನಿಯರ್
ಅಮೋನಿಯಾ ಒಳಗೆ ಅಂತಹ ಯಾವುದನ್ನೂ ಹಾಕಬೇಡಿ, ದಯವಿಟ್ಟು. ಅಮೋನಿಯಾ ಸ್ಟೀಲನ್ನು ಒಳಗಿನಿಂದ ತುಕ್ಕು ಹಿಡಿಸುವುದಿಲ್ಲ. ಗಾಳಿ ಎಳೆದುಕೊಳ್ಳಬೇಕಾದರೆ ಸಕ್ಷನ್ ಒತ್ತಡ ವಾತಾವರಣಕ್ಕಿಂತ ಕೆಳಗಿಳಿಯಬೇಕು, ಅಮೋನಿಯಾದಲ್ಲಿ ಅದು ಮೈನಸ್ 33 ಡಿಗ್ರಿಗಿಂತ ಕೆಳಗೆ ಮಾತ್ರ. ಮೈನಸ್ 5ರಲ್ಲಿ ಗೇಜಿನ ಮೇಲೆ ಸುಮಾರು 2.5 ಬಾರ್ ಇರುತ್ತದೆ. ಪಂಪ್‌ಡೌನ್ ಮಾಡುವಾಗ ವ್ಯಾಕ್ಯೂಮಿಗೆ ಎಳೆದರೆ ಅಥವಾ ರಿಪೇರಿಗೆ ತೆರೆದ ಲೈನನ್ನು ಹಾಗೆಯೇ ಬಿಟ್ಟರೆ ಮಾತ್ರ ಒಳಗೆ ಗಾಳಿ, ತೇವ ಸೇರುತ್ತವೆ. ಇನ್ನು ಡೈಕ್ರೋಮೇಟ್ ಕೆಲಸ ಮಾಡುತ್ತದೆ ಎಂಬುದು ನಿಜವೇ, ಆದರೆ ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಿಷ. ಆ ಬ್ರೈನನ್ನು ಚರಂಡಿಗೆ ಬಿಡುವಂತಿಲ್ಲ, ಬರಿಗೈಯಿಂದ ಮುಟ್ಟುವಂತಿಲ್ಲ. ಈಗ ಕ್ರೋಮೇಟ್ ಇಲ್ಲದ ತುಕ್ಕು ನಿರೋಧಕಗಳು ಸಿಗುತ್ತವೆ, ಅವುಗಳೊಂದಿಗೆ ಪಿಎಚ್ ನೋಡಿಕೊಂಡರೆ ಸಾಕು. ಬ್ರೈನಿನ ಪಿಎಚ್ ಇದ್ದಕ್ಕಿದ್ದಂತೆ ಏರಿದರೆ ಕಾಯಿಲ್ ಸೋರಿ ಅಮೋನಿಯಾ ಸೇರುತ್ತಿದೆ ಎಂದು ಅನುಮಾನಿಸಿ.

ರಾಣೆಬೆನ್ನೂರು_ಮಾಲೀಕ
ಕಂಡೆನ್ಸರಿನ ವಿಷಯ ಬಂದಿದ್ದರಿಂದ ಕೇಳುತ್ತೇನೆ. ನನ್ನ ಹೊಸ ಕಂಡೆನ್ಸರಿನ ಸತು ಲೇಪದ ಮೇಲೆ ಮೊದಲ ವರ್ಷವೇ ಬಿಳಿ ಹಿಟ್ಟಿನಂತಹದು ಎದ್ದಿದೆ. ಬೋರ್‌ವೆಲ್ ನೀರು.

ಡೇರಿ_ಇಂಜಿನಿಯರ್
ಅದು ಬಿಳಿ ತುಕ್ಕು. ಹೊಸ ಸತುವಿಗೆ ಮೊದಲ ಕೆಲವು ವಾರ ಪಿಎಚ್ 7ರಿಂದ 8ರೊಳಗಿನ ನೀರು ಕೊಟ್ಟರೆ ಅದರ ಮೇಲೆ ಗಟ್ಟಿಯಾದ ರಕ್ಷಣಾ ಪದರು ಕೂರುತ್ತದೆ. ಆರಂಭದಲ್ಲೇ ಕ್ಷಾರ ಹೆಚ್ಚಿರುವ ನೀರನ್ನು ಆವಿಯಾಗಿಸುತ್ತ ಹೋದರೆ ಆ ಪದರು ಕಟ್ಟುವುದಿಲ್ಲ. ಈಗ ನೀರಿನ ಬ್ಲೀಡ್ (ಹಳೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡುವುದು) ಹೆಚ್ಚಿಸಿ, ನೀರನ್ನು ಪರೀಕ್ಷೆ ಮಾಡಿಸಿ. ಹಿಟ್ಟನ್ನು ಆ್ಯಸಿಡ್ ಹಾಕಿ ತೊಳೆಸಬೇಡಿ, ಉಳಿದ ಸತುವೂ ಹೋಗುತ್ತದೆ.

ಬ್ಯಾಡಗಿ_ಶೀತಗೃಹ
ಮತ್ತೆ ನನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮ ಕೋಣೆಗಳು ನವೆಂಬರ್ ಅಂತ್ಯಕ್ಕೆ ಹೆಚ್ಚುಕಡಿಮೆ ಖಾಲಿಯಾಗುತ್ತವೆ. ಅಲ್ಲಿಯವರೆಗೆ ನಿಲ್ಲಿಸಲಾಗದ ವಾಲ್ವ್‌ಗಳಿಗೆ ಏನು ಮಾಡಲಿ? ಈ ಮಳೆಗಾಲದಲ್ಲೇ ಬಣ್ಣ ಹಚ್ಚಿಸಬಹುದೇ?

ಗದಗಿನ_ಪೇಂಟರ್
ಮಳೆಗಾಲದಲ್ಲಿ, ಅದೂ ನಡೆಯುತ್ತಿರುವ ಲೈನಿನ ಮೇಲೆ, ಖಂಡಿತ ಬೇಡ. ಕಬ್ಬಿಣದ ಉಷ್ಣತೆ ಗಾಳಿಯ ಡ್ಯೂ ಪಾಯಿಂಟಿಗಿಂತ (ಇಬ್ಬನಿ ಕಟ್ಟುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿ 24 ಡಿಗ್ರಿ, ಆರ್ದ್ರತೆ ಶೇಕಡಾ 90 ಇದ್ದರೆ ಡ್ಯೂ ಪಾಯಿಂಟು 22ರ ಮೇಲೆಯೇ ಇರುತ್ತದೆ. ಆಗ ಪೈಪು 25 ಡಿಗ್ರಿಗಿಂತ ಬೆಚ್ಚಗಿರಬೇಕು, ಅಂದರೆ ಗಾಳಿಗಿಂತಲೂ ಬೆಚ್ಚಗೆ. ಅದು ಆಗುವ ಮಾತಲ್ಲ. ಡಿಸೆಂಬರಿನ ಒಣ ಹವೆಯಲ್ಲಿ, ಪ್ಲಾಂಟು ನಿಲ್ಲಿಸಿ, ಪೈಪು ಗಾಳಿಯ ಉಷ್ಣತೆಗೆ ಬಂದ ಮೇಲೆ, ಬೆಳಗಿನ ಇಬ್ಬನಿ ಹೋದ ನಂತರ ಆರಂಭಿಸಿ ಮಧ್ಯಾಹ್ನದೊಳಗೆ ಮುಗಿಸಿ. ಎಪಾಕ್ಸಿ 10 ಡಿಗ್ರಿಗಿಂತ ಕೆಳಗೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಆದ್ದರಿಂದ ಕೋಣೆಯೊಳಗಿನ ಪೈಪಿಗೆ ಕೋಣೆ ಬೆಚ್ಚಗಾಗುವವರೆಗೆ ಕಾಯಬೇಕು.

ತಾರಿಹಾಳ_ಫಿಟ್ಟರ್
ಅಲ್ಲಿಯವರೆಗೆ ವಾಲ್ವಿನ ದೇಹಕ್ಕೆ, ಫ್ಲ್ಯಾಂಜಿನ ಬೋಲ್ಟುಗಳಿಗೆ ಪೆಟ್ರೋಲೇಟಮ್ ಟೇಪ್ ಸುತ್ತಿರಿ. ಗ್ರೀಸಿನಂತಹ ಮೇಣ ಕುಡಿಸಿದ ಬಟ್ಟೆಯ ಟೇಪ್ ಅದು. ಮೊದಲು ಅದರದೇ ಪೇಸ್ಟನ್ನು ಸಂದುಗಳಿಗೆ ತುಂಬಿ, ನೀರನ್ನು ಒತ್ತಿ ಹೊರಹಾಕುತ್ತ ಸುತ್ತಬೇಕು. ಎಪಾಕ್ಸಿಯಷ್ಟು ಒಣ ಮೇಲ್ಮೈಯನ್ನು ಅದು ಕೇಳುವುದಿಲ್ಲ, ಆದರೆ ಮಂಜುಗಡ್ಡೆಯ ಮೇಲೆ ಸುತ್ತಬಾರದು. ಎಳೆತುಕ್ಕು ಇರುವ ವಾಲ್ವಿಗೆ ಮಾತ್ರ ಇದು; ಪದರು ಎದ್ದದ್ದಕ್ಕೆ ಟೇಪ್ ಸುತ್ತಿದರೆ ರೋಗವನ್ನು ಬಚ್ಚಿಟ್ಟಂತೆ. ಮುಂದೆ ಇನ್ಸುಲೇಷನ್ ಹಾಕುವಾಗ ವಾಲ್ವಿನ ಮೇಲೆ ಬಿಚ್ಚಿ ಹಾಕಬಹುದಾದ ಜಾಕೆಟ್ ಕೇಳಿ.

ನಿವೃತ್ತ_ಆಪರೇಟರ್
ಆ ತುಂಡನ್ನು ಬೇರ್ಪಡಿಸುವಾಗ ಒಂದು ಎಚ್ಚರಿಕೆ: ದ್ರವ ಅಮೋನಿಯಾ ತುಂಬಿರುವ ಪೈಪಿನ ಎರಡೂ ಬದಿಯ ವಾಲ್ವ್‌ಗಳನ್ನು ಮುಚ್ಚಿ ಬಿಡಬಾರದು. ಪೈಪು ಬೆಚ್ಚಗಾದಂತೆ ದ್ರವ ಹಿಗ್ಗಿ, ಹೊಸ ಪೈಪನ್ನೂ ಸೀಳುತ್ತದೆ, ತುಕ್ಕಿನ ಪೈಪಿನ ಮಾತು ಬೇಡ. ಸೇಫ್ಟಿ ವಾಲ್ವ್‌ಗಳನ್ನೂ ಈಗಲೇ ನೋಡಿರಿ. ಅವುಗಳ ಹೊರ ಕೊಳವೆಯ ಬಾಯಿ ಆಕಾಶಕ್ಕೆ ತೆರೆದಿದ್ದರೆ ಮಳೆನೀರು ಇಳಿದು, ಸೀಟಿನ ಮೇಲೆ ನಿಂತು ತುಕ್ಕು ಹಿಡಿಸುತ್ತದೆ. ಬೇಕಾದಾಗ ಅದು ತೆರೆಯುವುದಿಲ್ಲ. ಕೊಳವೆಯ ತಳದಲ್ಲಿ ನೀರು ಸೇರಿ ಹೊರಹೋಗಲು ಡ್ರಿಪ್ ಲೆಗ್ ಇರಬೇಕು. ಐದು ವರ್ಷಕ್ಕೊಮ್ಮೆ ಸೇಫ್ಟಿ ವಾಲ್ವ್ ಬದಲಿಸಬೇಕು ಎಂಬುದು ಅಮೆರಿಕದ ಅಮೋನಿಯಾ ಸಂಸ್ಥೆಯ ನಿಯಮ. ನಮ್ಮ ಕಡೆ ಪ್ಲಾಂಟು ಮುದುಕಾದರೂ ಅದನ್ನು ಮುಟ್ಟಿರುವುದಿಲ್ಲ.

ಬ್ಯಾಡಗಿ_ಶೀತಗೃಹ
ಮಾಲೀಕರಿಗೆ ಈ ಚರ್ಚೆಯನ್ನು ತೋರಿಸಿದೆ. ತುಂಡು ಬದಲಿಸಲು ಒಪ್ಪಿದ್ದಾರೆ, ಡಿಸೆಂಬರಿನಲ್ಲಿ ಉಳಿದದ್ದನ್ನು ಬಿಚ್ಚಿ ನೋಡಲೂ ಒಪ್ಪಿದ್ದಾರೆ. ಕೊನೆಯದೊಂದು ಪ್ರಶ್ನೆ: ಹೊಸ ತುಂಡಿನ ವೆಲ್ಡಿಂಗ್ ಮುಗಿದ ಮೇಲೆ ನೀರು ತುಂಬಿ ಒತ್ತಡ ಪರೀಕ್ಷೆ ಮಾಡುತ್ತೇವೆ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಮಾಡಿಸಬಹುದೇ?

ತಾರಿಹಾಳ_ಫಿಟ್ಟರ್
ಬೇಡ. ಆ ನೀರು ವಾಲ್ವಿನ ಹೊಟ್ಟೆಯಲ್ಲಿ, ಬಾಗುಗಳಲ್ಲಿ ಉಳಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಆಮೇಲೆ ಅಮೋನಿಯಾದಲ್ಲಿ ಬೆರೆತು ಪ್ಲಾಂಟಿನ ಉದ್ದಕ್ಕೂ ಓಡಾಡುತ್ತದೆ. ಒಣ ನೈಟ್ರೋಜನ್ ಹಾಕಿಸಿ, ರೆಗ್ಯುಲೇಟರ್ ಮತ್ತು ಸೇಫ್ಟಿ ವಾಲ್ವ್ ಇಟ್ಟುಕೊಂಡು, ಒತ್ತಡವನ್ನು ಹಂತಹಂತವಾಗಿ ಏರಿಸಿ ಸೋಪಿನ ನೀರಿನಿಂದ ಜೋಡಣೆಗಳನ್ನು ನೋಡಿ. ನೀರಿಗಿಂತ ಗ್ಯಾಸಿನ ಪರೀಕ್ಷೆ ಅಪಾಯದ್ದು, ಆದ್ದರಿಂದ ಒತ್ತಡ ಏರಿಸುವಾಗ ಹತ್ತಿರ ಯಾರೂ ನಿಲ್ಲಬಾರದು. ಸಿಲಿಂಡರ್ ಸಿಗಲಿಲ್ಲ ಎಂದು ಆಕ್ಸಿಜನ್ ಹಾಕುವವರನ್ನೂ ಕಂಡಿದ್ದೇನೆ. ಎಣ್ಣೆ ಇರುವ ಲೈನಿಗೆ ಆಕ್ಸಿಜನ್ ಹೋದರೆ ಸ್ಫೋಟವೇ. ಪರೀಕ್ಷೆ ಮುಗಿದ ಮೇಲೆ ವ್ಯಾಕ್ಯೂಮ್ ಎಳೆದು, ಆಮೇಲೆ ಗ್ಯಾಸ್ ಬಿಡಿ.

ಪಫ್_ಕೆಲಸದವ
ಜೋಡಣೆಗೆ ಎಪಾಕ್ಸಿ ಹಚ್ಚುವವರು ಯಾರು ಎಂದು ಈ ಸಲವಾದರೂ ವರ್ಕ್ ಆರ್ಡರಿನಲ್ಲಿ ಬರೆಸಿ.

ಬ್ಯಾಡಗಿ_ಶೀತಗೃಹ
ಬರೆಸಿದ್ದೇನೆ. ವೆಲ್ಡಿಂಗ್ ಮಾಡುವವರದೇ ಜವಾಬ್ದಾರಿ, ನಾನು ನೋಡಿ ಸಹಿ ಹಾಕದೆ ಇನ್ಸುಲೇಷನ್ ಮುಚ್ಚುವಂತಿಲ್ಲ. ನೈಟ್ರೋಜನ್ ಸಿಲಿಂಡರುಗಳನ್ನು ಹುಬ್ಬಳ್ಳಿಯಿಂದ ತರಿಸುತ್ತಿದ್ದೇವೆ.